ಚರ್ಚುಗಳು ಮುಚ್ಚಿದ್ದ ವರ್ಷ ಪರದೇಶದಲ್ಲಿ ಈಸ್ಟರ್ ನಡೆದದ್ದು ಹೇಗೆ?

2020ರ ಏಪ್ರಿಲ್ ಮೊದಲ ವಾರ ಚಿಕ್ಕಮಗಳೂರಿನಲ್ಲಿ ಕ್ರೈಸ್ತರಲ್ಲದ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಒಂದೇ: "ಈ ಸಲ ನಿಮ್ಮ ಹಬ್ಬವನ್ನು ಮುಂದಕ್ಕೆ ಹಾಕಬಹುದಲ್ಲ?" ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಗೊತ್ತಾಗಿದ್ದ ಮದುವೆಗಳು ಮುಂದೆ ಹೋಗಿದ್ದವು, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಗಿತ್ತು, ಜಾತ್ರೆ ತೇರುಗಳು ನಿಂತಿದ್ದವು. ಲಾಕ್‌ಡೌನ್ ಶುರುವಾದ ಮಾರ್ಚ್ 25 ಯುಗಾದಿಯ ದಿನವೇ ಆಗಿದ್ದರಿಂದ ಬೇವು ಬೆಲ್ಲವನ್ನು ಮನೆಯವರಷ್ಟೇ ಹಂಚಿಕೊಂಡು ತಿಂದಿದ್ದರು. ಹಾಗಿರುವಾಗ ಯೇಸು ಸಾವಿನಿಂದ ಎದ್ದು ಬಂದದ್ದನ್ನು ನೆನೆಯುವ ಏಪ್ರಿಲ್ 12ರ ಈಸ್ಟರ್ ಮಾತ್ರ ಯಾಕೆ ಜಗ್ಗಬಾರದು?

ಈ ಪ್ರಶ್ನೆಯ ಹಿಂದೆ ಇನ್ನೊಂದು ಇತ್ತು. ನಮ್ಮ ಜಿಲ್ಲೆಯ, ಪಕ್ಕದ ಹಾಸನದ ಎಷ್ಟೋ ಮನೆಗಳ ಮಕ್ಕಳು ದುಬೈ, ಕುವೈತ್, ಇಸ್ರೇಲ್, ಇಂಗ್ಲೆಂಡುಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ ಚರ್ಚೂ ಇಲ್ಲ, ಮನೆಯವರೂ ಇಲ್ಲ ಎಂದಾದಾಗ ಅವರು ಹಬ್ಬ ಮಾಡಿದ್ದು ಹೇಗೆ? ಬೀಗ ಹಾಕಿದ ಕೋಣೆಯಲ್ಲಿ ಮೊಬೈಲ್ ಮುಂದೆ ಕೂತು ನೋಡಿದ್ದು ಹಬ್ಬ ಹೌದೋ ಅಲ್ಲವೋ? ಆ ವಾರ ಏನೇನು ನಡೆಯಿತು, ಅದರ ಹಿಂದಿನ ನಿಯಮ ಏನಿತ್ತು ಎಂಬುದನ್ನು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ.

ಮೊದಲು ದಿನಾಂಕದ ವಿಷಯ. ಕ್ರಿಸ್‌ಮಸ್‌ನಂತೆ ಈಸ್ಟರಿಗೆ ಕ್ಯಾಲೆಂಡರಿನಲ್ಲಿ ಗೊತ್ತಾದ ತಾರೀಖು ಇಲ್ಲ. ಅದು ಚಂದ್ರನನ್ನು ನೋಡಿಕೊಂಡು ಬರುವ ಹಬ್ಬ. ಹಗಲು ರಾತ್ರಿ ಸಮವಾಗುವ ದಿನವೆಂದು ಕ್ರೈಸ್ತ ಸಭೆ (ಚರ್ಚ್ ಎಂಬ ಸಂಸ್ಥೆ) ಇಟ್ಟುಕೊಂಡಿರುವುದು ಮಾರ್ಚ್ 21. ಅಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಈಸ್ಟರ್. ಎಲ್ಲ ಸಭೆಗಳೂ ಒಂದೇ ದಿನ ಆಚರಿಸಬೇಕು ಎಂಬ ತೀರ್ಮಾನ ಆದದ್ದು ಕ್ರಿ.ಶ. 325ರ ನೈಸಿಯಾ ಮಹಾಸಭೆಯಲ್ಲಿ. 2020ರಲ್ಲಿ ಆ ಹುಣ್ಣಿಮೆ ಬಿದ್ದದ್ದು ಏಪ್ರಿಲ್ 8ರಂದು. ನಮ್ಮ ಪಂಚಾಂಗದ ಚೈತ್ರ ಹುಣ್ಣಿಮೆಯೂ ಅದೇ. ಹಾಗಾಗಿ ಹಬ್ಬ ಏಪ್ರಿಲ್ 12ಕ್ಕೆ ಬಂತು. ಹಳೆಯ ಜೂಲಿಯನ್ ಲೆಕ್ಕ ಹಿಡಿಯುವ ಗ್ರೀಸ್, ರಷ್ಯಾಗಳ ಸಭೆಗಳಿಗೆ ಅದು 19ಕ್ಕೆ.

ಈ ದಿನ ಒಂಟಿಯಾಗಿ ನಿಂತಿಲ್ಲ. ಅದರ ಹಿಂದೆ ತಪಸ್ಸುಕಾಲ ಎಂಬ ವ್ರತದ ನಲವತ್ತು ದಿನಗಳಿವೆ, ಮುಂದೆ ಪವಿತ್ರಾತ್ಮ ಇಳಿದುಬಂದ ನೆನಪಿನ ಹಬ್ಬವಾದ ಪೆಂತೆಕೋಸ್ತಿನವರೆಗೆ ಐವತ್ತು ದಿನಗಳಿವೆ. ಆ ವ್ರತ ಶುರುವಾಗುವ ಫೆಬ್ರುವರಿ 26ರ ವಿಭೂತಿ ಬುಧವಾರ ನಮ್ಮ ಹಣೆಗೆ ಬೂದಿ ಹಚ್ಚಿಸಿಕೊಂಡಾಗ ಚರ್ಚುಗಳು ತುಂಬಿದ್ದವು, ಕೊರೊನಾ ಇನ್ನೂ ಟಿವಿಯ ಸುದ್ದಿಯಾಗಿತ್ತು. ಆಗಲೇ ಆರಂಭವಾಗಿದ್ದ ವ್ರತದ ಕೊನೆಯನ್ನು ಜೂನಿಗೋ ಜುಲೈಗೋ ತಳ್ಳಿದರೆ ಇಡೀ ವರ್ಷದ ಪೂಜಾಕ್ರಮವೇ ಕಳಚಿಬೀಳುತ್ತದೆ. ಕಥೋಲಿಕ ಸಭೆಯ ಕೇಂದ್ರವಾದ ರೋಮಿನ ದೈವಾರಾಧನಾ ಇಲಾಖೆ 2020ರ ಮಾರ್ಚ್ 19 ಮತ್ತು 25ರಂದು ಹೊರಡಿಸಿದ ಆದೇಶಗಳಲ್ಲಿ ಇದನ್ನು ಖಚಿತವಾಗಿ ಹೇಳಿತು: ಈಸ್ಟರ್ ಎಲ್ಲ ಹಬ್ಬಗಳಂತೆ ಒಂದು ಹಬ್ಬವಲ್ಲ, ಪೂಜಾವರ್ಷದ ಹೃದಯ, ಅದನ್ನು ಬೇರೆ ದಿನಕ್ಕೆ ಒಯ್ಯಲಾಗದು. ದಿನ ಕದಲದು ಎಂದಾದ ಮೇಲೆ ಉಳಿದದ್ದು ಆಚರಿಸುವ ಬಗೆಯ ಪ್ರಶ್ನೆ.

ಅಲ್ಲಿಯೇ ಕಷ್ಟವಿದ್ದದ್ದು. ಈಸ್ಟರಿಗೆ ಮುಂಚಿನ ಪವಿತ್ರ ವಾರವನ್ನು ಹತ್ತಿರದಿಂದ ನೋಡದವರಿಗೆ ಅದು ದೀರ್ಘ ಪ್ರಾರ್ಥನೆಗಳ ವಾರ ಎನ್ನಿಸಬಹುದು. ನಿಜದಲ್ಲಿ ಅದು ಮೈಯಿಂದ ಮಾಡುವ ವಾರ. ಗರಿಗಳ ಭಾನುವಾರ ತೆಂಗಿನ ಗರಿ ಹಿಡಿದು ನಡೆಯುತ್ತೇವೆ. ಆ ಗರಿಯನ್ನು ಶಿಲುಬೆಯಾಗಿ ಮಡಚಿ ಮನೆಯ ಪೀಠದ ಮೇಲೆ ವರ್ಷವಿಡೀ ಇಡುತ್ತೇವೆ, ಮುಂದಿನ ವರ್ಷದ ಬೂದಿ ಅದನ್ನೇ ಸುಟ್ಟು ಮಾಡಿದ್ದು. ಪವಿತ್ರ ಗುರುವಾರ ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಗುರುಗಳು (ಪಾದ್ರಿಗಳು) ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಕಾಫಿ ತೋಟದ ಕೂಲಿಯವರು, ವಯಸ್ಸಾದವರು, ಓದುವ ಹುಡುಗರು ಎಲ್ಲ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಶುಭ ಶುಕ್ರವಾರ ಜಗತ್ತಿನ ಯಾವ ಕಥೋಲಿಕ ದೇವಾಲಯದಲ್ಲೂ ರೊಟ್ಟಿ ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆ ನಡೆಯುವುದಿಲ್ಲ. ಗಂಟೆಯೂ ಮೊಳಗುವುದಿಲ್ಲ, ಮರದ ಹಲಗೆ ಬಡಿಯುವ ಶಬ್ದವಷ್ಟೇ. ಬಿಸಿಲಲ್ಲಿ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳನ್ನು ನಡೆದು, ಸಾಲಿನಲ್ಲಿ ನಿಂತು, ಬಾಗಿ ಶಿಲುಬೆಯ ಪಾದಕ್ಕೆ ಮುತ್ತಿಡುತ್ತೇವೆ. ಎಷ್ಟು ಮಂದಿಯ ತುಟಿ ಆ ಒಂದೇ ಮರಕ್ಕೆ ತಾಗುತ್ತದೆ ಎಂದು 2020ಕ್ಕೆ ಮೊದಲು ನಾವು ಯೋಚಿಸಿದ್ದೇ ಇಲ್ಲ. ಶನಿವಾರ ಕತ್ತಲಾದ ಮೇಲೆ ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಪಾಸ್ಖ (ಈಸ್ಟರ್) ಮೇಣದಬತ್ತಿ ಹಚ್ಚಿ, ಅದರಿಂದ ಕೈ ಕೈ ದಾಟಿ ನೂರಾರು ಚಿಕ್ಕ ಬತ್ತಿಗಳು ಹತ್ತಿಕೊಳ್ಳುತ್ತವೆ. ಕತ್ತಲ ದೇವಾಲಯದೊಳಕ್ಕೆ ಆ ಬೆಳಕು ಹೋಗುತ್ತದೆ. ವಯಸ್ಕರಾಗಿ ಕ್ರೈಸ್ತರಾಗುವವರಿಗೆ ನೀರಿನ ಸ್ನಾನದೀಕ್ಷೆ ಅದೇ ರಾತ್ರಿ.

ಮೆರವಣಿಗೆ, ಕಾಲು ತೊಳೆಯುವುದು, ಮುತ್ತಿಡುವುದು, ಬತ್ತಿಯಿಂದ ಬತ್ತಿಗೆ ಬೆಂಕಿ, ಒಂದೇ ನೀರು, ಒಂದೇ ರೊಟ್ಟಿ. ಉಸಿರು ಮತ್ತು ಸ್ಪರ್ಶದಿಂದ ಹರಡುವ ರೋಗದ ಮುಂದೆ ಇದಿಷ್ಟೂ ಒಂದೊಂದಾಗಿ ಅಪಾಯದ ಪಟ್ಟಿಗೆ ಸೇರಿತು.

ರೋಮಿನ ಆದೇಶ ಇವನ್ನು ಒಂದೊಂದಾಗಿಯೇ ಬಗೆಹರಿಸಿತು. ಓದಲು ಒಣಗಿದ ಕಾನೂನಿನಂತೆ ಕಾಣುವ ಆ ಎರಡು ಪುಟಗಳ ಬಗ್ಗೆ ನನಗೆ ಇಂದಿಗೂ ಗೌರವವಿದೆ, ಯಾಕೆಂದರೆ ಅದು ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂದು ತೂಗಿ ನೋಡಿದೆ. ಗರಿಗಳ ಮೆರವಣಿಗೆ ಬೀದಿಯಲ್ಲಿ ಬೇಡ, ದೇವಾಲಯದ ಒಳಗೇ ನೆನಪು ಮಾಡಿದರೆ ಸಾಕು. ಕಾಲು ತೊಳೆಯುವುದು ಈ ವರ್ಷ ಇಲ್ಲ. ಗುರುವಾರ ಜನರಿಲ್ಲದೆಯೂ ಪೂಜೆ ಅರ್ಪಿಸಲು ಎಲ್ಲ ಗುರುಗಳಿಗೂ ಅನುಮತಿ. ಶುಕ್ರವಾರ ಶಿಲುಬೆಗೆ ಮುತ್ತಿಡುವುದು ಪೂಜೆ ನಡೆಸುವ ಗುರುವೊಬ್ಬರೇ, ಮತ್ತು ಸಾರ್ವತ್ರಿಕ ಪ್ರಾರ್ಥನೆಗೆ ರೋಗಿಗಳಿಗಾಗಿ, ಸತ್ತವರಿಗಾಗಿ, ದಿಕ್ಕುತೋಚದವರಿಗಾಗಿ ಒಂದು ಬಿನ್ನಹ ಸೇರಬೇಕು. ಶನಿವಾರ ಹೊಸ ಬೆಂಕಿ ಇಲ್ಲ, ಮೆರವಣಿಗೆ ಇಲ್ಲ, ಆದರೆ ಪಾಸ್ಖ ಬತ್ತಿ ಹಚ್ಚಲೇಬೇಕು, ಪುನರುತ್ಥಾನದ ಘೋಷಣೆ ಹಾಡಲೇಬೇಕು. ಸ್ನಾನದೀಕ್ಷೆ ಬದಲು ಎಲ್ಲರೂ ತಮ್ಮ ದೀಕ್ಷೆಯ ಪ್ರತಿಜ್ಞೆಯನ್ನು ನವೀಕರಿಸಿದರೆ ಸಾಕು. ಬೀದಿ ಮೆರವಣಿಗೆಗಳೇ ಜೀವಾಳವಾಗಿರುವ ಊರುಗಳಿಗೆ ಸೆಪ್ಟೆಂಬರ್ 14 ಮತ್ತು 15ರಂತಹ ದಿನಗಳನ್ನು ಸೂಚಿಸಲಾಯಿತು. 14 ಪವಿತ್ರ ಶಿಲುಬೆಯ ಹಬ್ಬ, 15 ವ್ಯಾಕುಲಮಾತೆಯ ಸ್ಮರಣೆ. ಅಂದರೆ ಮೆರವಣಿಗೆಯನ್ನು ಮುಂದೂಡಬಹುದಿತ್ತು, ಹಬ್ಬವನ್ನಲ್ಲ.

ನಮ್ಮ ಸರ್ಕಾರದ ಆದೇಶವೂ ಗೊಂದಲಕ್ಕೆ ಎಡೆ ಇಡಲಿಲ್ಲ. ಮಾರ್ಚ್ 24ರ ಕೇಂದ್ರ ಗೃಹ ಇಲಾಖೆಯ ಮಾರ್ಗಸೂಚಿಯಂತೆ ಎಲ್ಲ ಧರ್ಮಗಳ ಪೂಜಾಸ್ಥಳಗಳೂ ಸಾರ್ವಜನಿಕರಿಗೆ ಬಂದ್. ಚಿಕ್ಕಮಗಳೂರಿನ ಸಂತ ಜೋಸೆಫರ ಪ್ರಧಾನಾಲಯದಿಂದ ಹಿಡಿದು ಬಣಕಲ್, ಸಕಲೇಶಪುರದ ಚರ್ಚುಗಳವರೆಗೆ ಒಂದೇ ಸ್ಥಿತಿ. ನಮ್ಮ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಮೈಸೂರಿನಿಂದ ಬೇರ್ಪಟ್ಟು ಹುಟ್ಟಿದ್ದು 1963ರಲ್ಲಿ. ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳು ಇದರೊಳಗೇ ಬರುತ್ತವೆ. ಜನರಿಲ್ಲದ ಪವಿತ್ರ ವಾರವನ್ನು ಅದು ಆವರೆಗೆ ಕಂಡಿರಲಿಲ್ಲ.

ಆದರೂ ಊರಲ್ಲಿದ್ದವರ ಕಷ್ಟ ಒಂದು ತೂಕದ್ದು, ಪರದೇಶದಲ್ಲಿದ್ದವರದು ಬೇರೆಯೇ ತೂಕದ್ದು. ಇಲ್ಲಿ ಚರ್ಚ್ ಮುಚ್ಚಿದರೂ ಅಜ್ಜಿ ಇದ್ದಳು, ಜಪಸರ ಇತ್ತು, ಪಕ್ಕದ ಮನೆಯ ಹಾಡು ಗೋಡೆ ದಾಟಿ ಬರುತ್ತಿತ್ತು. ಅಲ್ಲಿ ಅನೇಕರಿಗೆ ಚರ್ಚ್ ಒಂದೇ ಊರು.

ಕೊಲ್ಲಿಯಲ್ಲಿ ಚರ್ಚ್ ಎಂದರೆ ಏನು

ದುಬೈ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಚರ್ಚುಗಳು ಬೇಕಾದ ಬೀದಿಯಲ್ಲೆಲ್ಲ ಇರುವುದಿಲ್ಲ. ಆಳುವ ಮನೆತನಗಳು ಕೊಟ್ಟ ಜಾಗದಲ್ಲಿ, ಗೊತ್ತಾದ ಆವರಣಗಳಲ್ಲಿ ಇರುತ್ತವೆ. ಇರುವ ಕೆಲವೇ ಚರ್ಚುಗಳಿಗೆ ಹತ್ತಾರು ದೇಶಗಳ ಜನ ಬರಬೇಕು. ದುಬೈಯ ಊದ್ ಮೇಥಾದಲ್ಲಿರುವ ಸಂತ ಮೇರಿಯ ಚರ್ಚಿನಲ್ಲಿ ಕೊಂಕಣಿ, ಮಲಯಾಳ, ತಮಿಳು, ತಗಾಲೊಗ್, ಅರಬ್ಬಿ, ಇಂಗ್ಲಿಷ್ ಹೀಗೆ ಭಾಷೆಯಿಂದ ಭಾಷೆಗೆ ಪೂಜೆ ಬದಲಾಗುತ್ತದೆ. ಆಗ ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಕೆಲಸದ ದಿನ. ಆದ್ದರಿಂದ ಕೊಲ್ಲಿಯ ಕಥೋಲಿಕರು ಭಾನುವಾರದ ಪೂಜೆಯನ್ನು ಶುಕ್ರವಾರವೇ ಪಡೆಯುವುದು ರೂಢಿಯಾಗಿತ್ತು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ರಜೆ ಶನಿವಾರ ಭಾನುವಾರಕ್ಕೆ ಬದಲಾದದ್ದು 2022ರ ಜನವರಿಯಲ್ಲಿ.

ಮೂಡಿಗೆರೆಯಿಂದಲೋ ಬಾಳೆಹೊನ್ನೂರಿನಿಂದಲೋ ಹೋಗಿ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಲೆಕ್ಕಪತ್ರದ ಕಚೇರಿಯಲ್ಲಿ ದುಡಿಯುವ ಹುಡುಗನಿಗೆ ಶುಕ್ರವಾರದ ಆ ಪೂಜೆಯಲ್ಲಿ ಸಿಗುತ್ತಿದ್ದುದು ಪರಮಪ್ರಸಾದ (ಬಲಿಪೂಜೆಯಲ್ಲಿ ಹಂಚುವ ರೊಟ್ಟಿ) ಒಂದೇ ಅಲ್ಲ. ತನ್ನ ಭಾಷೆಯಲ್ಲಿ ಹಾಡು, ಊರಿನ ಸುದ್ದಿ, ಹೊಸ ಕೆಲಸದ ಮಾಹಿತಿ, ಮನೆಗೆ ಹೋಗುವವರ ಕೈಯಲ್ಲಿ ಕಳಿಸಲು ಒಂದು ಪೊಟ್ಟಣ, ಕಾಯಿಲೆ ಬಿದ್ದರೆ ವಿಚಾರಿಸುವ ನಾಲ್ಕು ಜನ. ವಾರದ ಆರು ದಿನ ಹಂಚಿಕೊಂಡ ಕೋಣೆಯ ಒಂದು ಮಂಚವಷ್ಟೇ ಅವನದು. ಚರ್ಚಿನ ಅಂಗಳದಲ್ಲಿ ಮಾತ್ರ ಅವನನ್ನು ಇಂಥವರ ಮಗ ಎಂದು ಗುರುತಿಸುವವರಿರುತ್ತಾರೆ.

2020ರ ಮಾರ್ಚ್ 16ರಿಂದ ಅಲ್ಲಿನ ಎಲ್ಲ ಪ್ರಾರ್ಥನಾಸ್ಥಳಗಳು ಮುಚ್ಚಿದವು, ಮಸೀದಿಗಳೂ ಸೇರಿ. ಏಪ್ರಿಲ್ 4ರ ರಾತ್ರಿಯಿಂದ ದುಬೈಯಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಯೂ ಓಡಾಟ ನಿರ್ಬಂಧ. ದಿನಸಿಗೆ ಹೊರಬೀಳಲೂ ಪರವಾನಗಿ ಬೇಕಿತ್ತು. ಮರುದಿನವೇ ಗರಿಗಳ ಭಾನುವಾರ. ಇಡೀ ಪವಿತ್ರ ವಾರ ಈ ಬಿಗಿಯೊಳಗೆ ಕಳೆಯಿತು. ನನ್ನ ಚಿಕ್ಕಮ್ಮನ ಮಗಳು ಆಗ ಅಲ್ಲೇ ಇದ್ದಳು. ಕೋಣೆಯಲ್ಲಿ ಅವಳ ಜೊತೆಗಿದ್ದವರು ಫಿಲಿಪೀನ್ಸಿನ ಇಬ್ಬರು, ಕೇರಳದ ಒಬ್ಬಳು. ಗುರುವಾರ ರಾತ್ರಿ ಅವರು ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆದರು. ಕೇರಳದವಳು ತನ್ನ ಮನೆಯ ರೂಢಿಯಂತೆ ಹುಳಿಯಿಲ್ಲದ ಪೆಸಹ ಅಪ್ಪ ಮಾಡಿ ಹಂಚಿದಳು. ಆದೇಶದಲ್ಲಿ ದೇವಾಲಯದಿಂದ ತೆಗೆದುಹಾಕಿದ್ದ ಕ್ರಿಯೆ ಹೀಗೆ ನಾಲ್ಕು ಮಂಚಗಳ ನಡುವಿನ ಜಾಗದಲ್ಲಿ ನಡೆಯಿತು. ಅದನ್ನು ಮಾಡಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಸೌದಿ ಅರೇಬಿಯಾದಲ್ಲಿರುವವರ ಮಾತೇ ಬೇರೆ. ಆ ದೇಶದಲ್ಲಿ ಚರ್ಚುಗಳೇ ಇಲ್ಲ. ದಮಾಮ್, ರಿಯಾದ್, ಜೆದ್ದಾಗಳಲ್ಲಿ ದುಡಿಯುವ ನಮ್ಮವರು ದಶಕಗಳಿಂದಲೂ ಈಸ್ಟರನ್ನು ಕೋಣೆಯೊಳಗೆ, ತಗ್ಗಿದ ದನಿಯಲ್ಲಿ, ಟಿವಿ ಅಥವಾ ಫೋನಿನ ಮುಂದೆ ಆಚರಿಸಿದವರೇ. ಉಳಿದ ಜಗತ್ತು 2020ರಲ್ಲಿ ತಬ್ಬಿಬ್ಬಾದಾಗ ಅವರಿಗೆ ಅದು ಹೊಸದಾಗಿರಲಿಲ್ಲ. ಮನೆಯಲ್ಲಿ ಹಬ್ಬ ಮಾಡುವುದು ಹೇಗೆಂದು ದುಬೈಯವರಿಗೂ ಊರಿನವರಿಗೂ ಹೇಳಿಕೊಡುವ ಅನುಭವ ಯಾರಿಗಾದರೂ ಇದ್ದರೆ ಅದು ಇವರಿಗೇ. ಸೌದಿ, ಕುವೈತ್, ಬಹರೇನ್, ಕತಾರ್‌ಗಳ ಕಥೋಲಿಕರ ಹೊಣೆ ಹೊತ್ತಿದ್ದ ಧರ್ಮಾಧ್ಯಕ್ಷ (ಬಿಷಪ್) ಕಮಿಲೊ ಬಲ್ಲಿನ್ ಅದೇ ಏಪ್ರಿಲ್ 12ರ ಈಸ್ಟರ್ ದಿನ ರೋಮಿನಲ್ಲಿ ತೀರಿಕೊಂಡರು. ಬಾಗಿಲು ಮುಚ್ಚಿದ್ದ ಅವರ ಜನ ಆ ಸುದ್ದಿಯನ್ನೂ ಫೋನಿನಲ್ಲೇ ಕೇಳಬೇಕಾಯಿತು.

ಯೆರೂಸಲೇಮಿನ ಹತ್ತಿರವಿದ್ದೂ

ಕರಾವಳಿ ಮತ್ತು ಮಲೆನಾಡಿನ ಕೊಂಕಣಿ ಕಥೋಲಿಕರಲ್ಲಿ ಬಹಳ ಮಂದಿ ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ಒಬ್ಬ ಅಜ್ಜಿ ಅಥವಾ ಅಜ್ಜನ ಮನೆಯಲ್ಲೇ ಉಳಿದು ಹಗಲು ರಾತ್ರಿ ನೋಡಿಕೊಳ್ಳುವ ಕೆಲಸ. ವಾರಕ್ಕೊಮ್ಮೆ ಸಿಗುವ ಬಿಡುವಿನಲ್ಲಿ ಚರ್ಚಿಗೆ ಹೋಗಿ ಬರುತ್ತಾರೆ. ಸಾಧ್ಯವಾದವರು ಶುಭ ಶುಕ್ರವಾರ ಯೆರೂಸಲೇಮಿನ ಹಳೆಯ ಪೇಟೆಯಲ್ಲಿ, ಯೇಸು ಶಿಲುಬೆ ಹೊತ್ತು ನಡೆದರೆನ್ನುವ ಬೀದಿಯಲ್ಲೇ ನಡೆಯುತ್ತಾರೆ. ಊರಿನವರು ಇವರನ್ನು ಪುಣ್ಯವಂತರು ಎನ್ನುವುದು ಅದಕ್ಕೇ.

2020ರಲ್ಲಿ ಯೇಸುವಿನ ಸಮಾಧಿಯ ಮೇಲೆ ಕಟ್ಟಲಾಗಿದೆ ಎಂದು ನಂಬುವ ಪವಿತ್ರ ಸಮಾಧಿ ಮಂದಿರವೇ ಮಾರ್ಚ್ 25ರಂದು ಯಾತ್ರಿಕರಿಗೆ ಮುಚ್ಚಿತು, ತೆರೆದದ್ದು ಮೇ 24ಕ್ಕೆ. ಯೆಹೂದ್ಯರ ಪಾಸ್ಕ ಹಬ್ಬ ಏಪ್ರಿಲ್ 8ರ ಸಂಜೆ ಶುರುವಾಗುವುದಿತ್ತು. ಕುಟುಂಬಗಳು ಒಂದೆಡೆ ಸೇರದಂತೆ ಸರ್ಕಾರ ಆ ರಾತ್ರಿ ದೇಶಕ್ಕೆಲ್ಲ ಕರ್ಫ್ಯೂ ಹಾಕಿತು. ಹೀಗೆ ಆ ವಾರ ಎಷ್ಟೋ ಮನೆಗಳಲ್ಲಿ ಒಂದು ಅಪರೂಪದ ಸ್ಥಿತಿ ಇತ್ತು: ಮಕ್ಕಳು ಮೊಮ್ಮಕ್ಕಳು ಬರಲಾಗದ ಯೆಹೂದಿ ಅಜ್ಜಿ, ಚರ್ಚಿಗೆ ಹೋಗಲಾಗದ ಕರ್ನಾಟಕದ ಹೆಣ್ಣುಮಗಳು, ಇಬ್ಬರೇ ಮೇಜಿನ ಎರಡು ಬದಿಗೆ. ಅಜ್ಜಿಗೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯವೆಂದು ಎಷ್ಟೋ ಆರೈಕೆದಾರರು ತಮ್ಮ ವಾರದ ಬಿಡುವನ್ನೂ ಬಿಟ್ಟುಕೊಟ್ಟರು. ಹಬ್ಬದ ತ್ಯಾಗ ಎಂದು ಪ್ರಸಂಗದಲ್ಲಿ ಕೇಳುತ್ತೇವಲ್ಲ, ಇದು ಅದರ ನಿಜವಾದ ರೂಪ ಎಂದು ನಾನು ನಂಬುತ್ತೇನೆ. ಸುದ್ದಿಯಲ್ಲಿ ಅವರ ಪ್ರಸ್ತಾಪ ಬರಲೇ ಇಲ್ಲ.

ಇಂಗ್ಲೆಂಡ್, ಐರ್ಲೆಂಡ್‌ಗಳಲ್ಲಿದ್ದ ನರ್ಸುಗಳಿಗೆ ಮನೆಯಲ್ಲಿ ಕೂರುವ ಸಮಸ್ಯೆಯೇ ಇರಲಿಲ್ಲ. ಶುಭ ಶುಕ್ರವಾರವೂ ಪಾಳಿ, ಈಸ್ಟರ್ ಭಾನುವಾರವೂ ಪಾಳಿ.

ಊರು ಹಸಿರು, ಪರದೇಶ ಕೆಂಪು

ಈಗ ಮರೆತಿರಬಹುದಾದ ಒಂದು ವಿಷಯ ನೆನಪಿಸಬೇಕು. ಆ ಈಸ್ಟರ್ ಹೊತ್ತಿಗೆ ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಒಂದೂ ಕೊರೊನಾ ಪ್ರಕರಣ ಇರಲಿಲ್ಲ. ಎರಡೂ ಜಿಲ್ಲೆಗಳಲ್ಲಿ ಮೊದಲ ಪ್ರಕರಣಗಳು ಕಂಡದ್ದು ಮೇ ತಿಂಗಳಲ್ಲಿ. ಎಂದಿನ ದಿನಗಳಲ್ಲಿ ಪರದೇಶದ ಮಕ್ಕಳು ಊರಿನ ಅಪ್ಪ ಅಮ್ಮನ ಆರೋಗ್ಯಕ್ಕೆ ಕೊರಗುತ್ತಾರೆ. ಆ ವಾರ ತಿರುವುಮುರುವು. ಹೂಮಳೆಗೆ ಕಾಯುತ್ತ, ಕಾಳುಮೆಣಸು ಒಣಗಿಸುತ್ತ ತೋಟದ ಮನೆಯಲ್ಲಿ ಕ್ಷೇಮವಾಗಿದ್ದ ತಂದೆ ತಾಯಿ ರಾತ್ರಿಯೆಲ್ಲ ಟಿವಿಯಲ್ಲಿ ಇಟಲಿಯ, ಲಂಡನ್ನಿನ ಸಾವಿನ ಲೆಕ್ಕ ನೋಡುತ್ತಿದ್ದರು. ಮಾರ್ಚ್ 22ರಿಂದ ಅಂತರರಾಷ್ಟ್ರೀಯ ವಿಮಾನಗಳು ನಿಂತಿದ್ದವು. ಕರೆದರೂ ಬರಲಾಗದು, ಹೊರಟರೂ ಹೋಗಲಾಗದು.

ಇಂಥ ಹೊತ್ತಿನಲ್ಲಿ ನೇರಪ್ರಸಾರದ ಪೂಜೆ ದೊಡ್ಡ ಆಸರೆಯಾಯಿತು. ಇಲ್ಲೂ ರೋಮಿನ ಆದೇಶದ ಒಂದು ಸಾಲು ಗಮನಿಸಬೇಕು: ಪ್ರಸಾರ ನೇರವಾಗಿರಲಿ, ಮೊದಲೇ ರೆಕಾರ್ಡ್ ಮಾಡಿದ್ದು ಬೇಡ. ಮನೆಯಲ್ಲಿರುವವರು ಒಂದಾಗಿ ಪ್ರಾರ್ಥಿಸಲು ಅನುಕೂಲವಾಗುವಂತೆ ಪೂಜೆಯ ವೇಳೆಯನ್ನು ಮೊದಲೇ ತಿಳಿಸಬೇಕು. ಯಾಕೆ ಈ ಷರತ್ತು? ನೋಡುವುದಕ್ಕೂ ಜೊತೆ ಸೇರುವುದಕ್ಕೂ ಇರುವ ಅಂತರ ಅಲ್ಲಿದೆ. ರೆಕಾರ್ಡ್ ಮಾಡಿದ ಪೂಜೆಯನ್ನು ಅಡುಗೆ ಮಾಡುತ್ತ, ಬೇಡದ್ದನ್ನು ದಾಟಿಸುತ್ತ ನೋಡಬಹುದು. ಗುರುಗಳು ರೊಟ್ಟಿಯನ್ನು ಎತ್ತಿ ಹಿಡಿದ ಅದೇ ಗಳಿಗೆಯಲ್ಲಿ ತಾನೂ ಮೊಣಕಾಲೂರಿದ್ದೇನೆ ಎಂಬ ಅರಿವು ಮಾತ್ರ ನೇರಪ್ರಸಾರದಲ್ಲಷ್ಟೇ ಇರುತ್ತದೆ.

ಆದರೆ ಗಳಿಗೆ ಎನ್ನುವುದು ಪರದೇಶದಲ್ಲಿ ಬೇರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್ ಎರಡೂವರೆ, ಏಪ್ರಿಲ್‌ನಲ್ಲಿ ರೋಮ್ ಮೂರೂವರೆ, ಲಂಡನ್ ನಾಲ್ಕೂವರೆ, ನ್ಯೂಯಾರ್ಕ್ ಒಂಬತ್ತೂವರೆ ಗಂಟೆ ಹಿಂದೆ. ಮೆಲ್ಬರ್ನ್ ನಾಲ್ಕೂವರೆ ಗಂಟೆ ಮುಂದೆ. ಪಾಸ್ಖ ಜಾಗರಣೆ ಕತ್ತಲಾದ ಮೇಲೆಯೇ ನಡೆಯಬೇಕು ಎಂಬುದು ನಿಯಮ. ಊರಿನಲ್ಲಿ ರಾತ್ರಿ ಏಳೂವರೆಗೆ ಶುರುವಾಗುವ ಜಾಗರಣೆ ಲಂಡನ್ನಿನಲ್ಲಿ ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಕಾಣುತ್ತದೆ. ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿಕೊಂಡು ಬತ್ತಿ ಹಚ್ಚಿದವರಿದ್ದಾರೆ. ಇನ್ನು ಆಗಿನ ವಿಶ್ವಗುರು (ಪೋಪ್) ಫ್ರಾನ್ಸಿಸ್ ಅವರು ಶುಭ ಶುಕ್ರವಾರದ ಶಿಲುಬೆ ಹಾದಿಯನ್ನು ಎಂದಿನಂತೆ ಕೊಲೊಸಿಯಮ್ಮಿನಲ್ಲಿ ನಡೆಸದೆ ಖಾಲಿ ಸಂತ ಪೇತ್ರರ ಚೌಕದಲ್ಲಿ ನಡೆಸಿದರು. ಇಟಲಿಯ ಪಾದುವಾದ ಜೈಲಿನಿಂದ ಬಂದ ಬರಹಗಳೇ ಅಂದಿನ ಧ್ಯಾನ. ಶಿಲುಬೆ ಹಿಡಿದವರಲ್ಲಿ ಜೈಲಿನವರೂ ವ್ಯಾಟಿಕನ್ನಿನ ವೈದ್ಯ ಸಿಬ್ಬಂದಿಯೂ ಇದ್ದರು. ರೋಮಿನಲ್ಲಿ ರಾತ್ರಿ ಒಂಬತ್ತು ಎಂದರೆ ನಮಗೆ ಹನ್ನೆರಡೂವರೆ. ಮಲೆನಾಡಿನ ನೆಟ್‌ವರ್ಕ್ ಸಿಗುವ ಜಗುಲಿ ಮೂಲೆಯಲ್ಲಿ ಕೂತು ಅದನ್ನು ನೋಡಿದವರು ಕಡಿಮೆಯೇನಲ್ಲ. ಅದಕ್ಕೂ ಮೊದಲು, ಮಾರ್ಚ್ 27ರ ಸಂಜೆ, ಸುರಿವ ಮಳೆಯಲ್ಲಿ ಅದೇ ಚೌಕದಲ್ಲಿ ಅವರು ಒಂಟಿಯಾಗಿ ನಿಂತು ಲೋಕಕ್ಕೆಲ್ಲ ಪರಮಪ್ರಸಾದದ ಆಶೀರ್ವಾದ ಕೊಟ್ಟದ್ದನ್ನು ಕ್ರೈಸ್ತರಲ್ಲದವರೂ ನೋಡಿದರು.

ಇಷ್ಟಾದರೂ ಫೋನಿನ ಮೂಲಕ ಬರಲಾಗದ್ದು ಒಂದಿತ್ತು: ಪರಮಪ್ರಸಾದ. ಕಥೋಲಿಕರ ನಂಬಿಕೆಯಲ್ಲಿ ಬಲಿಪೂಜೆಯ ರೊಟ್ಟಿ ಯೇಸುವಿನ ಶರೀರವೇ ಆಗುತ್ತದೆ. ಪರದೆಯ ಮುಂದೆ ನಾವಿಟ್ಟ ರೊಟ್ಟಿ ಹಾಗಾಗುವುದಿಲ್ಲ. ಹಾಗಿದ್ದರೆ ಮನೆಯಲ್ಲಿರುವವರು ಏನು ಮಾಡಬೇಕು? ಇದಕ್ಕೆ ಹಳೆಯ ಒಂದು ದಾರಿ ಇತ್ತು, ಆತ್ಮಿಕವಾಗಿ ಪರಮಪ್ರಸಾದ ಸ್ವೀಕರಿಸುವುದು. "ಈಗ ನಿನ್ನನ್ನು ಸಂಸ್ಕಾರದಲ್ಲಿ ಪಡೆಯಲಾರೆ, ಆತ್ಮಿಕವಾಗಿಯಾದರೂ ನನ್ನ ಹೃದಯಕ್ಕೆ ಬಾ" ಎಂಬ ಅರ್ಥದ ಪ್ರಾರ್ಥನೆ ಅದು. 18ನೇ ಶತಮಾನದ ಇಟಲಿಯ ಸಂತ ಅಲ್ಫೋನ್ಸ್ ಲಿಗೋರಿಯವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ನಮ್ಮಲ್ಲಿ ಹಾಸಿಗೆ ಹಿಡಿದ ಅಜ್ಜಿಯರಷ್ಟೇ ಬಲ್ಲ ಈ ಪ್ರಾರ್ಥನೆಯನ್ನು ಆ ವರ್ಷ ಇಪ್ಪತ್ತರ ಹರೆಯದವರು ವಾಟ್ಸ್ಆ್ಯಪಿನಲ್ಲಿ ಹಂಚಿಕೊಂಡರು.

ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯೂ ಹಾಗೆಯೇ. ಅದನ್ನು ಫೋನಿನಲ್ಲಿ ಮಾಡಲು ಸಭೆ ಒಪ್ಪುವುದಿಲ್ಲ. ಆದರೆ ಗುರುಗಳ ಬಳಿ ಹೋಗಲು ಸಾಧ್ಯವೇ ಇಲ್ಲದವರು ದೇವರ ಮೇಲಿನ ಪ್ರೀತಿಯಿಂದ ಪೂರ್ಣ ಪಶ್ಚಾತ್ತಾಪ ಪಟ್ಟು, ಸಾಧ್ಯವಾದ ಕೂಡಲೇ ನಿವೇದನೆ ಮಾಡುವ ದೃಢ ನಿರ್ಧಾರ ಮಾಡಿದರೆ ಕ್ಷಮೆ ದೊರೆಯುತ್ತದೆ ಎಂದು ಮಾರ್ಚ್ 20ರಂದು ರೋಮಿನಿಂದ ಬಂದ ಟಿಪ್ಪಣಿ ನೆನಪಿಸಿತು. ಇದು ಹೊಸ ರಿಯಾಯಿತಿಯಲ್ಲ, ಹಳೆಯ ಬೋಧನೆಯೇ. ಗುರುಗಳು ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ ನಮಗೆ ಅದರ ನೆನಪಿರಲಿಲ್ಲ. ಹಾಗೆಯೇ ಭಾನುವಾರದ ಪೂಜೆಗೆ ಬರಲೇಬೇಕೆಂಬ ಕಡ್ಡಾಯದಿಂದ ಧರ್ಮಾಧ್ಯಕ್ಷರುಗಳು ವಿನಾಯಿತಿ ಕೊಟ್ಟರು. ಚರ್ಚಿಗೆ ಹೋಗಲಿಲ್ಲವಲ್ಲ ಎಂಬ ಅಪರಾಧಭಾವದಿಂದ ನರಳುತ್ತಿದ್ದ ಎಷ್ಟೋ ಹಿರಿಯರಿಗೆ ಈ ಒಂದು ಮಾತು ಔಷಧಿಗಿಂತ ಹೆಚ್ಚು ನೆಮ್ಮದಿ ಕೊಟ್ಟಿತು.

ಬೇರೆ ಸಭೆಗಳ ಉತ್ತರ ಬೇರೆಯಾಗಿತ್ತು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯನ್ನು ಬಲ್ಲವರಿಗೆ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಗೊತ್ತಿರುತ್ತದೆ. ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಸಭೆಗಳು 1947ರಲ್ಲಿ ಸೇರಿ ಆದದ್ದು ಅದು. ಅದರ ಒಂದು ಬೇರು ಇರುವ ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಎಷ್ಟು ಬಿಗಿಯಾಯಿತೆಂದರೆ, ಪ್ರಸಾರಕ್ಕಾಗಿ ಕೂಡ ಪಾದ್ರಿಗಳು ಚರ್ಚಿನೊಳಗೆ ಹೋಗಬಾರದೆಂದು ಸೂಚಿಸಿತು. ಆ ಸಭೆಯ ಮುಖ್ಯಸ್ಥ, ಕ್ಯಾಂಟರ್‌ಬರಿಯ ಆಗಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಈಸ್ಟರ್ ಆರಾಧನೆಯನ್ನು ನಡೆಸಿಕೊಟ್ಟದ್ದು ತಮ್ಮ ಮನೆಯ ಅಡುಗೆಕೋಣೆಯಿಂದ. ಇದನ್ನು ಆಗ ಟೀಕಿಸಿದವರಿದ್ದರು. ಜನರಿಗೆ ಬಾಗಿಲು ಮುಚ್ಚಿದಾಗ ಮುಖ್ಯಸ್ಥನೂ ಮನೆಯ ಮೇಜಿಗೇ ಬಂದು ನಿಂತದ್ದು ಸರಿಯೆಂದೇ ನನಗೆ ಅನ್ನಿಸುತ್ತದೆ. ಇನ್ನು ಕೆಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಮನೆಯಲ್ಲೇ ರೊಟ್ಟಿ ಮತ್ತು ದ್ರಾಕ್ಷಾರಸ ಇಟ್ಟುಕೊಂಡು ಪರದೆಯ ಮೂಲಕ ಪ್ರಭುಭೋಜನದಲ್ಲಿ ಸೇರಬಹುದೇ ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಬಹುದು ಎಂದವರೂ ಉಂಟು, ಕೂಡದು ಎಂದವರೂ ಉಂಟು.

ಊಟದ ವಿಷಯ ಚಿಕ್ಕದೆನಿಸಬಹುದು, ಪರದೇಶದಲ್ಲಿ ಚಿಕ್ಕದಲ್ಲ. ಶುಕ್ರವಾರದ ಗಂಜಿ ಚಟ್ನಿಗೆ ಎಲ್ಲಿಯೂ ತೊಂದರೆ ಇಲ್ಲ. ಈಸ್ಟರಿನ ‘ಸಣ್ಣ’ (ಹುಳಿ ಬರಿಸಿದ ಅಕ್ಕಿ ಹಿಟ್ಟಿನ ಇಡ್ಲಿಯಂಥ ತಿನಿಸು) ಮತ್ತು ಹಂದಿಮಾಂಸಕ್ಕೆ, ಹಾಸನ ಕಡೆಯ ನಾಟಿಕೋಳಿ ಸಾರಿಗೆ, ಹೊಂದಿಸುವ ಕಷ್ಟ ಇತ್ತು. ಸಣ್ಣದ ಹಿಟ್ಟು ಹುಳಿ ಬರಲು ಶೇಂದಿ ಇಲ್ಲದೆ ಯೀಸ್ಟ್ ಹಾಕಿದರು, ಲಾಕ್‌ಡೌನಿನಲ್ಲಿ ಎಷ್ಟೋ ದೇಶಗಳ ಅಂಗಡಿಗಳಲ್ಲಿ ಯೀಸ್ಟೂ ಮುಗಿದಿತ್ತು. ವಿಡಿಯೋ ಕರೆಯಲ್ಲಿ ಅಮ್ಮ ಹದ ಹೇಳುವುದು, ಆ ಕಡೆ ಮಗ ಪಾತ್ರೆಯ ಮುಚ್ಚಳ ತೆಗೆದು ತೋರಿಸುವುದು, ಹೀಗೆ ಗಂಟೆಗಟ್ಟಲೆ ಸಾಗಿದ ಅಡುಗೆಗಳು. ಎಂದೂ ಒಲೆಯ ಮುಂದೆ ನಿಲ್ಲದ ಗಂಡುಮಕ್ಕಳು ಆ ವರ್ಷ ಅಡುಗೆ ಕಲಿತರು.

ಈ ನೆಲದ ಕ್ರೈಸ್ತರಿಗೆ ದೇವಾಲಯ ಕೈತಪ್ಪುವುದು, ಸಾಂಕ್ರಾಮಿಕದ ಭಯ, ಎರಡೂ ಹೊಸತಲ್ಲ ಎಂಬುದನ್ನೂ ಹೇಳಲೇಬೇಕು. 1799ರ ನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ಅಬೆ ದುಬೊಯ್ ಹಾಸನದ ಬಳಿ ಕ್ರೈಸ್ತ ರೈತರ ನೆಲೆ ಕಟ್ಟಿದವರು. ಸಿಡುಬು ಊರೂರನ್ನು ಬರಿದು ಮಾಡುತ್ತಿದ್ದಾಗ, 1803-04ರ ಸುಮಾರಿಗೆ, ಆಗಷ್ಟೇ ಬಂದಿದ್ದ ಲಸಿಕೆಯನ್ನು ಜನರಿಗೆ ಒಪ್ಪಿಸಿ ಹಾಕಿಸುವ ಕೆಲಸಕ್ಕೆ ನಿಂತವರೂ ಅವರೇ. ಅವರ ಲೆಕ್ಕದಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಆಯಿತು. 2021ರಲ್ಲಿ ಲಸಿಕೆಗೆ ಹೆದರಿದವರ ಜೊತೆ ಮಾತಾಡುವಾಗ ನಾನು ಈ ಕಥೆಯನ್ನೇ ಹೇಳುತ್ತಿದ್ದೆ. ಮತ್ತೆ ಶೆಟ್ಟಿಹಳ್ಳಿಯ ಚರ್ಚ್ ಇದೆ, 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಈಗ ಫೋಟೊ ತೆಗೆಯಲು ಜನ ಬರುವ ಆ ಪಾಳು ಗೋಡೆಗಳು ಗೊರೂರಿನ ಹೇಮಾವತಿ ಜಲಾಶಯದಲ್ಲಿ ಮುಳುಗುವ ಮೊದಲು ಒಂದು ಊರಿನ ದೇವಾಲಯವಾಗಿದ್ದವು. ಜನ ಎದ್ದು ಬೇರೆ ಕಡೆ ಮನೆ ಕಟ್ಟಿಕೊಂಡರು, ಅಲ್ಲೇ ಪಾಸ್ಖ ಆಚರಿಸಿದರು. ಕಟ್ಟಡವಿಲ್ಲದೆ ಸಭೆ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಆ ಕುಟುಂಬಗಳು ಯಾರೂ ಕೇಳುವ ಮೊದಲೇ ಬದುಕಿ ತೋರಿಸಿದ್ದವು.

ಆದರೆ ಎಲ್ಲವನ್ನೂ ಮನೆಯಲ್ಲೇ ತುಂಬಿಕೊಳ್ಳಬಹುದು ಎಂದರೆ ಅದು ಸುಳ್ಳಾಗುತ್ತದೆ. ಆ ತಿಂಗಳುಗಳಲ್ಲಿ ಊರಿನಲ್ಲಿ ತೀರಿಹೋದ ತಂದೆಯ ಮುಖ ನೋಡಲು ಬರಲಾಗದ ಮಕ್ಕಳಿದ್ದರು. ಅಂತ್ಯಸಂಸ್ಕಾರಕ್ಕೆ ಇಪ್ಪತ್ತೇ ಜನ ಎಂಬ ಮಿತಿ. ಯಾರೋ ಹಿಡಿದ ಫೋನಿನಲ್ಲಿ ಮಣ್ಣು ಹಾಕುವುದನ್ನು ನೋಡಿದರು. ಪುನರುತ್ಥಾನದ ಹಬ್ಬ ಸಾವಿಗೆ ಕೊಡುವ ಉತ್ತರ ಎಂದು ನಾವು ನಂಬುತ್ತೇವೆ. ಆ ನಂಬಿಕೆಯನ್ನು ಒಬ್ಬರ ಹೆಗಲು ಮುಟ್ಟಿ ಹೇಳಬೇಕು. ಹೇಳಲಾಗದೆ ಉಳಿದದ್ದು ಹಾಗೇ ಉಳಿಯಿತು. ಮುಂದಿನ ವರ್ಷಗಳಲ್ಲಿ ಬಂದು ಸಮಾಧಿಯ ಬಳಿ ಪೂಜೆ ಮಾಡಿಸಿದವರಿದ್ದಾರೆ, ಇನ್ನೂ ಬರಲಾಗದವರೂ ಇದ್ದಾರೆ.

ಬಾಗಿಲುಗಳು ತೆರೆದದ್ದು ಮೆಲ್ಲಗೆ. ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮೇ 7ರಂದು ಶುರುವಾದವು. ನಮ್ಮಲ್ಲಿ ಪೂಜಾಸ್ಥಳಗಳು ತೆರೆದದ್ದು ಜೂನ್ 8ರಿಂದ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಜುಲೈ 1ರಿಂದ, ಅದೂ ಸಾಮರ್ಥ್ಯದ ಶೇ 30ರಷ್ಟು ಜನರಿಗೆ ಮಾತ್ರ. 2021ರ ಏಪ್ರಿಲ್ 4ರ ಈಸ್ಟರ್‌ಗೆ ಊರಿನ ಚರ್ಚುಗಳಲ್ಲಿ ಮಾಸ್ಕ್ ಹಾಕಿಕೊಂಡು ದೂರ ದೂರ ಕೂತೆವು. ಇಟಲಿ ಆ ಮೂರು ದಿನ ಮತ್ತೆ ಇಡಿಯಾಗಿ ಕೆಂಪು ವಲಯವಾಗಿತ್ತು. ಅದೇ ತಿಂಗಳ ಕೊನೆಗೆ ಎರಡನೇ ಅಲೆಯ ಲಾಕ್‌ಡೌನ್ ಕರ್ನಾಟಕಕ್ಕೂ ಬಂತು. ಈ ಸಲ ಮಲೆನಾಡೂ ಹಸಿರಾಗಿ ಉಳಿಯಲಿಲ್ಲ.

ಈಗ ಕೇಳುವವರಿಗೆ ನಾನು ಹೀಗೆ ಹೇಳುತ್ತೇನೆ. ಫೋನಿನಲ್ಲಿ ನೋಡಿದ್ದು ಬಲಿಪೂಜೆಗೆ ಬದಲಿಯಲ್ಲ, ಆದರೆ ಹಬ್ಬ ನಿಜವಾಗಿಯೂ ನಡೆಯಿತು, ಯಾಕೆಂದರೆ ಖಾಲಿ ದೇವಾಲಯದಲ್ಲಿ ಗುರುಗಳು ಬತ್ತಿ ಹಚ್ಚಿದರು ಮತ್ತು ಸಾವಿರ ಕೋಣೆಗಳಲ್ಲಿ ಜನ ಅದಕ್ಕೆ ಎದ್ದು ನಿಂತರು. ನಮ್ಮ ಧರ್ಮಕೇಂದ್ರಗಳಿಗೆ ನನ್ನದೊಂದು ಕೋರಿಕೆಯಿದೆ. ಪವಿತ್ರ ವಾರದ ನೇರಪ್ರಸಾರವನ್ನು ನಿಲ್ಲಿಸಬೇಡಿ. ಸೌದಿಯ ಕೋಣೆಗಳಲ್ಲಿ, ಇಸ್ರೇಲಿನ ಅಜ್ಜಿಯರ ಮನೆಗಳಲ್ಲಿ ಇರುವವರಿಗೆ ಇಂದಿಗೂ ಬೇರೆ ದಾರಿ ಇಲ್ಲ. ವೇಳಾಪಟ್ಟಿ ಹಾಕುವಾಗ ಭಾರತದ ಸಮಯದ ಪಕ್ಕದಲ್ಲಿ ಕೊಲ್ಲಿಯ ಸಮಯ, ಲಂಡನ್ನಿನ ಸಮಯ ಎರಡನ್ನೂ ಬರೆಯಿರಿ. ಗುರುವಾರ ದೇವಾಲಯದಲ್ಲಿ ಹನ್ನೆರಡು ಮಂದಿಯ ಕಾಲು ತೊಳೆದ ಮೇಲೆ, ಮನೆಗೆ ಹೋಗಿ ಒಬ್ಬರ ಕಾಲನ್ನು ಒಬ್ಬರು ತೊಳೆಯಿರಿ ಎಂದು ಪ್ರಸಂಗದಲ್ಲಿ ಹೇಳಿ.